ನಾಲ್ಕೂ ಚಕ್ರ ಎಳೆಯುವ ಕಾರು: ಜೀಪಿನಿಂದ ಮೇಷ್ಟ್ರ ಮನೆಯವರೆಗೆ

ಹೋದ ಮಳೆಗಾಲದಲ್ಲಿ ನಮ್ಮ ಭಾವನ ಕಾರು ವಿಚಿತ್ರವಾಗಿ ಆಡತೊಡಗಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸಾಕು, ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಗಾಡಿ ಮುಗ್ಗರಿಸುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅಡಿಯಿಂದ ಗುಂಯ್ ಅನ್ನುವ ಸದ್ದೂ ಸೇರಿಕೊಂಡಿತು.

ಭಾವ ಹೈಸ್ಕೂಲ್ ಮೇಷ್ಟ್ರು. ಶಾಲೆ ಮನೆಯಿಂದ 20 ಕಿ.ಮೀ. ದೂರ. ಕೊನೆಯ ಮೂರು ಕಿ.ಮೀ. ಮಣ್ಣಿನ ಏರು. ಆಷಾಢದಲ್ಲಿ ಬೈಕು ಎರಡು ಸಲ ಜಾರಿದ ಮೇಲೆ ಅಕ್ಕ ಹಟ ಹಿಡಿದಳು. ಸೊಸೈಟಿಯಲ್ಲಿ ಸಾಲ ಮಾಡಿ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಸೆಕೆಂಡ್ ಹ್ಯಾಂಡ್ ಕಾರು ತಂದರು. ಕಂಪನಿಯವರು ಇಂಥದ್ದಕ್ಕೆ ಆಲ್ ವೀಲ್ ಡ್ರೈವ್ ಅನ್ನುತ್ತಾರೆ, ಚಿಕ್ಕದಾಗಿ ಎಡಬ್ಲ್ಯುಡಿ. ಕಾರು ಚೆನ್ನಾಗಿಯೇ ಇತ್ತು. ಒಂದೇ ಒಂದು ಮಳೆಗಾಲ.

ಸದ್ದು ಕೇಳಿ ಒಬ್ಬ ಹಳೇ ಜೀಪ್ ಮೆಕ್ಯಾನಿಕ್ ಹತ್ತಿರ ಒಯ್ದೆವು. ಅವರು ಬಾನೆಟ್ ತೆಗೆಯಲೇ ಇಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಟೈರ್ ಮುಟ್ಟಿ ನೋಡಿದರು, ಹಿಂದಿನದನ್ನೂ ಮುಟ್ಟಿದರು.

"ಮೇಷ್ಟ್ರೇ, ನಿಮ್ ಟೈರ್ ಜಗಳ ಆಡ್ತಿದಾವೆ" ಅಂದರು.

ಆಗಿದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ಮುಂದಿನ ಎರಡು ಟೈರ್ ಸವೆದಿದ್ದವು. ಟೈರ್ ಅಂಗಡಿಯವನು "ಹಿಂದಿನವು ಇನ್ನೊಂದು ವರ್ಷ ಓಡ್ತಾವೆ ಸರ್, ಎರಡೇ ಹಾಕಿಸಿ" ಅಂದಿದ್ದ. ಭಾವ ಎರಡೇ ಹಾಕಿಸಿದರು. ಮಾಮೂಲಿ ಕಾರಿಗೆ ಅದರಲ್ಲಿ ತಪ್ಪೇನಿಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ಈ ಕಾರಿನ ಹಿಂಭಾಗದ ಕಪ್ಲಿಂಗ್ ಸುಟ್ಟು ಹೋಗಿತ್ತು. ರಿಪೇರಿಗೆ ಹೇಳಿದ ಅಂದಾಜು ಮುಕ್ಕಾಲು ಲಕ್ಷ. ಅಕ್ಕ ಎರಡು ದಿನ ಮಾತಾಡಲಿಲ್ಲ.

ಎರಡು ಟೈರ್ ಉಳಿಸಿದ್ದಕ್ಕೆ ಮುಕ್ಕಾಲು ಲಕ್ಷ ಯಾಕೆ ಹೋಗಬೇಕು? ಇದು ತಲೆಯಲ್ಲಿ ಕೊರೆಯುತ್ತಿತ್ತು. ಸುದ್ದಿ ಕಳಿಸಿ ಮುಗಿದ ರಾತ್ರಿಗಳಲ್ಲಿ ಓದುತ್ತಾ ಹೋದೆ. ಮೆಕ್ಯಾನಿಕ್ ಹೇಳಿದ ಜಗಳಕ್ಕೆ ನೂರು ವರ್ಷ ಮೀರಿದ ಇತಿಹಾಸ ಇದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯ ಕಥೆಯೆಂದರೆ ಹೆಚ್ಚು ಕಡಿಮೆ ಈ ಜಗಳ ಬಿಡಿಸಲು ಹೆಣಗಿದವರ ಕಥೆಯೇ.

ಮೊದಲು ಜಗಳ ಏನು ಅಂತ ನೋಡೋಣ. ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಅಚ್ಚು ತಿರುಗುವುದಿಲ್ಲ, ಅದರ ಎರಡು ತುದಿಯಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಗಾಡಿ ಬಲಕ್ಕೆ ಹೊರಳಿದರೆ ಎಡಗಡೆಯ ಚಕ್ರ ಹೆಚ್ಚು ದೂರ ಓಡುತ್ತದೆ, ಬಲಗಡೆಯದು ಕಡಿಮೆ. ಒಂದನ್ನು ಕೇಳಿ ಇನ್ನೊಂದು ತಿರುಗಬೇಕಿಲ್ಲ. ಕೀಲೆಣ್ಣೆ ಹಾಕಿದರೆ ಮುಗಿಯಿತು. ಕಾರಣ, ಎಳೆಯುವುದು ಎತ್ತು, ಚಕ್ರ ಅಲ್ಲ.

ಇಂಜಿನ್ ಬಂದಾಗ ಚಕ್ರವೇ ಎಳೆಯಬೇಕಾಯಿತು. ಎರಡು ಚಕ್ರವನ್ನು ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಉಜ್ಜಿಕೊಂಡು ಬರುತ್ತದೆ. ಅದಕ್ಕೆ ಅಚ್ಚಿನ ನಡುವೆ ಹಲ್ಲುಚಕ್ರಗಳ ಒಂದು ಗುಂಪು ಕೂರಿಸಿದರು. ಇಂಜಿನ್ನಿನ ಬಲ ಎರಡೂ ಕಡೆ ಹೋಗಬೇಕು, ವೇಗ ಮಾತ್ರ ಹೆಚ್ಚು ಕಡಿಮೆ ಆಗಲು ಅವಕಾಶ ಇರಬೇಕು. ಇದೇ ಡಿಫರೆನ್ಶಿಯಲ್. ನಿಮ್ಮೂರಿನ ಲಾರಿ ಹಿಂಬದಿಯಲ್ಲಿ ಕುಂಬಳಕಾಯಿಯಂತೆ ಉಬ್ಬಿರುವ ಭಾಗ ಇದೆಯಲ್ಲ, ಅದರೊಳಗೆ ಇರುವುದು ಇದು.

ನಾಲ್ಕೂ ಚಕ್ರ ಎಳೆಯಬೇಕು ಅಂದಾಗ ಜಗಳ ದೊಡ್ಡದಾಯಿತು. ತಿರುವಿನಲ್ಲಿ ಎಡ ಬಲ ಮಾತ್ರವಲ್ಲ, ಮುಂದಿನ ಜೋಡಿ ಮತ್ತು ಹಿಂದಿನ ಜೋಡಿ ಕೂಡ ಬೇರೆ ಬೇರೆ ದೂರ ಓಡುತ್ತವೆ. ಒದ್ದೆ ಅಂಗಳದಲ್ಲಿ ಕಾರು ತಿರುಗಿಸಿ ಗುರುತು ನೋಡಿ. ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನದು ಒಳಗಿನಿಂದ ಅಡ್ಡದಾರಿ ಹಿಡಿಯುತ್ತದೆ.

1903ರಲ್ಲೇ ಹಾಲೆಂಡಿನ ಸ್ಪೈಕರ್ ಸೋದರರು ನಾಲ್ಕೂ ಚಕ್ರಕ್ಕೆ ಎಳೆತ, ನಾಲ್ಕೂ ಚಕ್ರಕ್ಕೆ ಬ್ರೇಕ್ ಇರುವ ಆರು ಸಿಲಿಂಡರ್ ರೇಸ್ ಕಾರು ಮಾಡಿದ್ದರು. ಅದು ಈಗಲೂ ಅಲ್ಲಿನ ಮ್ಯೂಸಿಯಂನಲ್ಲಿದೆ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಕಥೆ. ಅಲ್ಲಿ ಆಟೋ ಜಾಕೊ ಮತ್ತು ವಿಲಿಯಂ ಬೆಸರ್ಡಿಕ್ ಅಂತ ಇಬ್ಬರು ಒಂದು ವರ್ಕ್‌ಶಾಪ್ ನಡೆಸುತ್ತಿದ್ದರು. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊರಳಬೇಕು, ಅದೇ ಹೊತ್ತಿಗೆ ಅದಕ್ಕೆ ಇಂಜಿನ್ನಿನ ಬಲವೂ ತಲುಪಬೇಕು. ಹೇಗೆ? ಗುಂಡಿನಾಕಾರದ ಕೋಶದೊಳಗೆ ಮಡಚಿಕೊಳ್ಳುವ ಕೀಲು ಇಟ್ಟು ಅವರು ಉತ್ತರ ಕಂಡುಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅವರಿಂದ ಹುಟ್ಟಿದ ಎಫ್‌ಡಬ್ಲ್ಯುಡಿ ಕಂಪನಿಯ ಲಾರಿಗಳು ಮೊದಲ ಮಹಾಯುದ್ಧದ ಕೆಸರಿನಲ್ಲಿ ಓಡಾಡಿದವು.

ಆ ಕೀಲಿನ ವಂಶದ್ದೇ ಇವತ್ತು ನಿಮ್ಮ ಕಾರಿನ ಚಕ್ರದ ಹಿಂದೆ ಕಪ್ಪು ರಬ್ಬರಿನ ಮಡಿಕೆ ಮಡಿಕೆ ಟೋಪಿಯೊಳಗೆ ಕೂತಿದೆ. ಮೆಕ್ಯಾನಿಕ್‌ಗಳು ಬೂಟ್ ಅನ್ನುವುದು ಆ ಟೋಪಿಗೆ. ಮಾಮೂಲಿ ಕಾರಿನಲ್ಲಿ ಇವು ಮುಂದಿನ ಎರಡು ಚಕ್ರಕ್ಕೆ ಮಾತ್ರ. ನಾಲ್ಕೂ ಚಕ್ರ ಎಳೆಯುವ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೂ ಇರುತ್ತವೆ. ಅದು ಹರಿದರೆ ಒಳಗಿನ ಗ್ರೀಸ್ ಸಿಡಿದು ರಿಮ್ಮಿನ ಒಳಬದಿಗೆ ಮೆತ್ತಿಕೊಳ್ಳುತ್ತದೆ. ಆ ಜಾಗಕ್ಕೆ ಕೆಸರು, ಮರಳು ಸೇರುತ್ತವೆ. ಗಾಡಿ ತೊಳೆಯುವಾಗ ಬಗ್ಗಿ ಒಮ್ಮೆ ನೋಡಿ. ಬೂಟ್ ಅಗ್ಗ, ಕೀಲು ದುಬಾರಿ.

ಇನ್ನು ಜೀಪು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ಎಲ್ಲೆಂದರಲ್ಲಿ ನುಗ್ಗುವ ಗಾಡಿ ತುರ್ತಾಗಿ ಬೇಕಿತ್ತು. 135 ಕಂಪನಿಗಳಿಗೆ ಪತ್ರ ಹೋಯಿತು. ಗಡುವಿನೊಳಗೆ ಮಾದರಿ ಗಾಡಿ ತಂದು ನಿಲ್ಲಿಸಿದ್ದು ಪೆನ್ಸಿಲ್ವೇನಿಯಾದ ಬಾಂಟಮ್ ಎಂಬ ಸಣ್ಣ ಕಂಪನಿ. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್‌ಗೆ. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಸಣ್ಣವನು ಬಿತ್ತಿದ್ದು, ದೊಡ್ಡವರು ಕೊಯ್ದದ್ದು.

ನಮ್ಮಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಅಂತ ಒಂದು ಕಂಪನಿ ಶುರುವಾಯಿತು. ದೇಶ ಇಬ್ಭಾಗವಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಇವರೇ. ಆ ಜೀಪಿನ ಮಕ್ಕಳು, ಮೊಮ್ಮಕ್ಕಳು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಮೂಟೆ ಹೊತ್ತವು. ಇವತ್ತಿಗೂ ಕೊಡಚಾದ್ರಿ ಹತ್ತುವ ಪ್ರವಾಸಿಗರ ಸೊಂಟ ಮುರಿಯುವುದು ಅವೇ.

ಜೀಪಿನಲ್ಲಿ ಜಗಳಕ್ಕೆ ಪರಿಹಾರ ಬಹಳ ಸರಳ: ಬೇಕಾದಾಗ ಮಾತ್ರ ನಾಲ್ಕು ಚಕ್ರ, ಬೇಡವಾದಾಗ ಎರಡೇ. ಅದಕ್ಕೊಂದು ಬೇರೆ ಲಿವರ್. ಫೋರ್‌ವೀಲ್ ಹಾಕಿದಾಗ ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡೂ ಒಂದಕ್ಕೊಂದು ಬಿಗಿಯುತ್ತವೆ, ನಡುವೆ ರಾಜಿ ಮಾಡಿಸಲು ಯಾರೂ ಇಲ್ಲ. ಕೆಸರಿನಲ್ಲಿ ಚಕ್ರ ಅಷ್ಟಿಷ್ಟು ಜಾರುವುದರಿಂದ ಬಿಗಿ ಸಡಿಲಾಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ದಾರಿಯಿಲ್ಲ, ಎಲ್ಲ ಒತ್ತಡ ಗೇರು, ಶಾಫ್ಟಿನ ಮೇಲೆ ಬೀಳುತ್ತದೆ. ಹಾಗಾಗಿ ಘಟ್ಟದ ಜೀಪ್ ಡ್ರೈವರ್ ಟಾರ್ ರಸ್ತೆ ಮುಟ್ಟಿದ ಕೂಡಲೇ ಲಿವರ್ ಹಿಂದಕ್ಕೆ ತಳ್ಳುತ್ತಾನೆ. ಅವನಿಗೆ ಯಾರೂ ಥಿಯರಿ ಹೇಳಿಕೊಟ್ಟಿಲ್ಲ, ಗೇರ್‌ಬಾಕ್ಸ್ ಬಿಚ್ಚಿ ಕಲಿತದ್ದು. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿಯೂ ಇದೇ ಜಾತಿ. 970 ಸಿಸಿಯ ಪುಟ್ಟ ಇಂಜಿನ್, ಪ್ರತ್ಯೇಕ ಲಿವರ್.

ನಡುವೆ ರಾಜಿ ಮಾಡಿಸುವವನನ್ನು ಕೂರಿಸಲು ಹೊರಟವನ ಹೆಸರು ನಿಮಗೆ ಗೊತ್ತಿರುವುದೇ, ಹೊಲದಲ್ಲಿ ದಿನಾ ಓದುತ್ತೀರಿ. ಹ್ಯಾರಿ ಫರ್ಗ್ಯುಸನ್. ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಫರ್ಗ್ಯುಸನ್. ಐರ್ಲೆಂಡಿನ ರೈತನ ಮಗ. ಟ್ರ್ಯಾಕ್ಟರ್ ಹಿಂದೆ ನೇಗಿಲು, ಕಲ್ಟಿವೇಟರ್ ಕಟ್ಟಲು ಮೂರು ಕೊಂಡಿಯ ಲಿಂಕೇಜ್ ಇದೆಯಲ್ಲ, ಅದನ್ನು ಈಗಿನ ರೂಪಕ್ಕೆ ತಂದದ್ದು ಇವನು. 1953ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನು ಮ್ಯಾಸಿ ಹ್ಯಾರಿಸ್ ಕಂಪನಿಯೊಡನೆ ಸೇರಿಸಿದ. ಆಮೇಲೆ ಅವನ ತಲೆಯಲ್ಲಿ ಉಳಿದದ್ದು ಒಂದೇ: ಮಾಮೂಲಿ ಜನ ಓಡಿಸುವ ಕಾರಿಗೂ ನಾಲ್ಕು ಚಕ್ರದ ಎಳೆತ ಕೊಡಬೇಕು, ಒದ್ದೆ ರಸ್ತೆಯಲ್ಲಿ ಜನ ಸಾಯಬಾರದು.

ಮುಂದಿನ ಜೋಡಿ, ಹಿಂದಿನ ಜೋಡಿಯ ನಡುವೆ ಮೂರನೆಯದೊಂದು ಡಿಫರೆನ್ಶಿಯಲ್, ಅದು ಅತಿಯಾಗಿ ಜಾರದಂತೆ ತಡೆಯುವ ಏರ್ಪಾಡು. ಇದೇ ಅವನ ತಂಡದ ಸೂತ್ರ. ಕಾರು ಕಂಪನಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಫರ್ಗ್ಯುಸನ್ 1960ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಡದ ಪಿ99 ರೇಸ್ ಕಾರನ್ನು ಸ್ಟರ್ಲಿಂಗ್ ಮಾಸ್ ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನ ಒದ್ದೆ ಟ್ರ್ಯಾಕಿನಲ್ಲಿ ಓಡಿಸಿ ಗೆದ್ದ. 1966ರಲ್ಲಿ ಜೆನ್ಸನ್ ಎಫ್‌ಎಫ್ ಕಾರು ಈ ಸೂತ್ರದೊಂದಿಗೆ ಮಾರುಕಟ್ಟೆಗೆ ಬಂತು. ತುಂಬಾ ದುಬಾರಿ, ತಯಾರಾದದ್ದು 320 ಮಾತ್ರ. ಮಾಮೂಲಿ ಜನರಿಗಾಗಿ ಕಂಡ ಕನಸು ಶ್ರೀಮಂತರ ಗ್ಯಾರೇಜಿನಲ್ಲಿ ನಿಂತಿತು.

ಅದನ್ನು ಮಾಮೂಲಿ ಜನರ ಮನೆಗೆ ತಂದದ್ದು ಕರೆಂಟ್ ಕಂಬ ಹತ್ತುವವರು.

ಜಪಾನಿನ ಈಶಾನ್ಯದಲ್ಲಿ ತೊಹೊಕು ಎಂಬ ಪ್ರದೇಶ. ಚಳಿಗಾಲದಲ್ಲಿ ಬೆಟ್ಟದ ತುಂಬ ಹಿಮ. ತೊಹೊಕು ವಿದ್ಯುತ್ ಕಂಪನಿಯವರು ಲೈನ್ ನೋಡಲು ಜೀಪಿನಲ್ಲಿ ಹೋಗುತ್ತಿದ್ದರು. ಜೀಪು ಹತ್ತುತ್ತಿತ್ತು ನಿಜ, ಆದರೆ ಚಳಿ, ಕುಲುಕಾಟ. ಊರಿನೊಳಗೂ ಓಡಿಸಬಹುದಾದ, ಬೆಚ್ಚಗಿರುವ, ನಾಲ್ಕೂ ಚಕ್ರ ಎಳೆಯುವ ಕಾರು ಮಾಡಿಕೊಡಿ ಅಂತ ಮಿಯಾಗಿಯ ಸುಬಾರು ಡೀಲರ್‌ನನ್ನು ಕೇಳಿದರು. ಕಾರ್ಖಾನೆಯನ್ನಲ್ಲ, ಡೀಲರ್‌ನನ್ನು! ಸುಬಾರು ಕಾರಿನಲ್ಲಿ ಎಳೆತ ಇದ್ದದ್ದು ಮುಂದಿನ ಚಕ್ರಕ್ಕೆ. ಡೀಲರ್‌ನ ವರ್ಕ್‌ಶಾಪಿನವರು ನಿಸ್ಸಾನ್ ಬ್ಲೂಬರ್ಡ್ ಕಾರಿನ ಹಿಂದಿನ ಡಿಫರೆನ್ಶಿಯಲ್ ತಂದು ತಮ್ಮ ವ್ಯಾನಿಗೆ ಹೊಂದಿಸಿದರು. ನಮ್ಮ ಕಡೆ ಪಂಪ್‌ಸೆಟ್ ಇಂಜಿನ್ ಹಾಕಿ ಗಾಡಿ ಕಟ್ಟುತ್ತಾರಲ್ಲ, ಅಂಥದ್ದೇ ಜುಗಾಡು. ಅದು ಓಡಿತು. 1971ರ ಟೋಕಿಯೊ ಮೋಟಾರ್ ಶೋಗೂ ಹೋಯಿತು. 1972ರ ಸೆಪ್ಟೆಂಬರಿನಲ್ಲಿ ಸುಬಾರು ಕಂಪನಿಯೇ ಲಿಯೋನ್ ಎಸ್ಟೇಟ್ ವ್ಯಾನ್ ಅಂತ ನಾಲ್ಕು ಚಕ್ರದ ಎಳೆತದ ಗಾಡಿಯನ್ನು ಮಾರಾಟಕ್ಕಿಟ್ಟಿತು.

ಮಳೆಗಾಲದಲ್ಲಿ ಮರ ಬಿದ್ದ ಲೈನ್ ಹುಡುಕುತ್ತ ಕಾಡಿನಲ್ಲಿ ನಡೆದೇ ಹೋಗುವ ನಮ್ಮ ಲೈನ್‌ಮನ್‌ಗಳು ಇದನ್ನು ಓದಿದರೆ ಏನನ್ನುತ್ತಾರೋ. ಇರಲಿ. ಬೆಳಿಗ್ಗೆ ಕೆಲಸಕ್ಕೆ, ಸಂಜೆ ಸಂತೆಗೆ ಹೋಗುವ ಮನೆಬಳಕೆಯ ಕಾರಿಗೆ ನಾಲ್ಕು ಚಕ್ರದ ಎಳೆತ ಬಂದದ್ದು ಹೀಗೆ. ಆ ಲಿಯೋನ್‌ನಲ್ಲೂ ಜೀಪಿನ ಹಾಗೆ ಲಿವರ್ ಇತ್ತು. ಡಾಂಬರಿನ ಮೇಲೆ ಎರಡು ಚಕ್ರ, ಹಿಮದಲ್ಲಿ ನಾಲ್ಕು.

ಲಿವರ್ ಬಿಟ್ಟು ಸದಾ ನಾಲ್ಕೂ ಚಕ್ರ ಎಳೆಯುವ ಕಾರು ಮಾಡುವ ಹುಮ್ಮಸ್ಸು ಜರ್ಮನಿಯ ಆಡಿ ಕಂಪನಿಗೆ. 1977ರ ಚಳಿಗಾಲ, ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆದಿತ್ತು. ಬರೀ 75 ಕುದುರೆಬಲದ ಇಲ್ಟಿಸ್ ಎಂಬ ಮಿಲಿಟರಿ ಗಾಡಿ ಅದಕ್ಕಿಂತ ಎಷ್ಟೋ ಬಲದ ಕಾರುಗಳನ್ನು ಹಿಂದೆ ಹಾಕುವುದನ್ನು ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರ್ ನೋಡಿದ. ಕಾರಿಗೂ ಇದನ್ನೇ ಯಾಕೆ ಹಾಕಬಾರದು ಅಂತ ಶುರುವಾಯಿತು. ಮೊದಲ ಮಾದರಿಯಲ್ಲಿ ಮುಂದು ಹಿಂದಿನ ಅಚ್ಚುಗಳನ್ನು ನೇರ ಬಿಗಿದಿದ್ದರು. ಫೋಕ್ಸ್‌ವ್ಯಾಗನ್ ಸಮೂಹದ ಅಭಿವೃದ್ಧಿ ಮುಖ್ಯಸ್ಥ ಎರ್ನ್ಸ್ಟ್ ಫಿಯಾಲಾ ಆ ಕಾರನ್ನು ವಿಯೆನ್ನಾಗೆ ಒಯ್ದಾಗ, ಅವನ ಹೆಂಡತಿ ಅದರಲ್ಲಿ ಪೇಟೆಗೆ ಹೋಗಿ ಬಂದು, ಪಾರ್ಕ್ ಮಾಡುವಾಗ ಕಾರು ಕುಪ್ಪಳಿಸುತ್ತದೆ ಎಂದು ದೂರಿದಳಂತೆ. ಎಂಜಿನಿಯರುಗಳು ಹಿಮದಲ್ಲಿ ಕಾಣದ ದೋಷ ಆಕೆಗೆ ಒಣ ರಸ್ತೆಯಲ್ಲಿ ಕಂಡಿತು. ನಡುವೆ ಡಿಫರೆನ್ಶಿಯಲ್ ಬೇಕೇ ಬೇಕು ಅಂತ ತೀರ್ಮಾನವಾಯಿತು. 1980ರ ಮಾರ್ಚ್‌ನಲ್ಲಿ ಜಿನೀವಾ ಶೋದಲ್ಲಿ ಕ್ವಾಟ್ರೊ ಬಂತು.

ಭಾವನ ಕಾರು ಶಾಲೆ ಗೇಟಿನ ಮುಂದೆ ಮುಗ್ಗರಿಸಿದ್ದೂ ಆಕೆ ಕಂಡ ಕುಪ್ಪಳಿಕೆಯೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಪರೀಕ್ಷೆ ಮಾಡಿ: ಒಣಗಿದ ಗಟ್ಟಿ ನೆಲದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಎರಡು ಸುತ್ತು ಹೊಡೆಯಿರಿ. ಕಾರು ನೀರಿನ ಹಾಗೆ ತಿರುಗಬೇಕು. ತಡೆದು ತಡೆದು ಬಂದರೆ ಮನೆಗೆ ಬನ್ನಿ.

ಈಗ ನಮ್ಮಲ್ಲಿ ಸಿಗುವ ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ನಡುವೆ ಡಿಫರೆನ್ಶಿಯಲ್ ಬದಲು ಕಪ್ಲಿಂಗ್ ಇರುತ್ತದೆ. ಇದರ ಹಳೆಯ ರೂಪ ಸ್ವಾರಸ್ಯವಾಗಿದೆ. ಒಂದು ಡಬ್ಬಿಯೊಳಗೆ ತೆಳು ತಟ್ಟೆಗಳ ಸಾಲು. ಒಂದು ಬಿಟ್ಟು ಒಂದು ಮುಂದಿನ ಶಾಫ್ಟಿಗೆ, ಉಳಿದವು ಹಿಂದಿನದಕ್ಕೆ. ನಡುವೆ ಮಂದವಾದ ಸಿಲಿಕೋನ್ ದ್ರವ. ಜೋನಿಬೆಲ್ಲದಲ್ಲಿ ಸೌಟು ಆಡಿಸಿದ್ದೀರಲ್ಲ, ನಿಧಾನ ಆಡಿಸಿದರೆ ದಾರಿ ಬಿಡುತ್ತದೆ, ಜೋರಾಗಿ ಎಳೆದರೆ ತಡೆಯುತ್ತದೆ. ಹಾಗೆಯೇ ಮುಂದಿನ ಚಕ್ರ ಜಾರಿ ಗಿರ್ರನೆ ತಿರುಗಿದಾಗ ಹಿಂದಿನದಕ್ಕೂ ಬಲ ಹೋಗುತ್ತದೆ. ಹೊಸ ಕಾರುಗಳಲ್ಲಿ ಈ ತಟ್ಟೆಗಳನ್ನು ಕಂಪ್ಯೂಟರ್ ನೋಡಿಕೊಂಡು ಒತ್ತುತ್ತದೆ. 2014ರಲ್ಲಿ ಬಂದ ರೆನೋ ಡಸ್ಟರ್ ಎಡಬ್ಲ್ಯುಡಿಯಲ್ಲಿ ಟೂ ವೀಲ್, ಆಟೋ, ಲಾಕ್ ಅಂತ ಒಂದು ತಿರುಗುಂಡಿ ಇತ್ತು. 2022ರಿಂದ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ತಯಾರಾಗುತ್ತಿವೆ, ಅವುಗಳಲ್ಲೂ ನಾಲ್ಕು ಚಕ್ರದ ಎಳೆತದ ಮಾದರಿ ಬಂತು. ಲಾಕ್ ಅನ್ನುವುದು ಕೆಸರಿನಲ್ಲಿ ಸಿಕ್ಕಿಬಿದ್ದಾಗ, ನಿಧಾನ ವೇಗದಲ್ಲಿ ಮಾತ್ರ. ಟಾರ್ ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಹೋಗುವುದೂ ಒಂದೇ, ಜೀಪಿನ ಲಿವರ್ ತೆಗೆಯದೆ ಹೋಗುವುದೂ ಒಂದೇ.

ಕಪ್ಲಿಂಗ್ ಇರುವುದು ಆಗೊಮ್ಮೆ ಈಗೊಮ್ಮೆ ಜಾರುವ ಚಕ್ರಕ್ಕೆ. ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಹಾಕಿದರೆ? ಲೆಕ್ಕ ಹಾಕಿದೆ. 215/65 ಆರ್16 ಅಳತೆಯ ಹೊಸ ಟೈರ್ ಒಂದು ಕಿ.ಮೀ.ಗೆ ಸುಮಾರು 464 ಸುತ್ತು ತಿರುಗುತ್ತದೆ. ಅದೇ ಟೈರ್ 5 ಮಿ.ಮೀ. ಸವೆದರೆ ಸುಮಾರು 471. ಕಿ.ಮೀ.ಗೆ ಏಳು ಸುತ್ತು ವ್ಯತ್ಯಾಸ. ಭಾವನ ದಿನದ 40 ಕಿ.ಮೀ.ಗೆ 270ಕ್ಕೂ ಹೆಚ್ಚು. ನೇರ ರಸ್ತೆಯಲ್ಲೂ, ಒಣ ರಸ್ತೆಯಲ್ಲೂ, ಚಕ್ರ ಜಾರದಿದ್ದರೂ ತಟ್ಟೆಗಳು ಒಂದಕ್ಕೊಂದು ಉಜ್ಜುತ್ತಲೇ ಇರುತ್ತವೆ. ನಾಲ್ಕು ತಿಂಗಳು ಒಲೆಯ ಮೇಲಿಟ್ಟ ಹಾಗೆ.

ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುತ್ತದೆ ಸುಬಾರು. ಅಂದರೆ ಟೈರಿನ ಹಲ್ಲಿನ ಆಳದಲ್ಲಿ ಸುಮಾರು ಒಂದೇ ಮಿ.ಮೀ. ನಿಮ್ಮ ಕಾರಿನ ಮಿತಿ ಎಷ್ಟೆಂದು ಅದರ ಪುಸ್ತಕದಲ್ಲಿ ನೋಡಿ. ನಾಲ್ಕನ್ನೂ ಒಟ್ಟಿಗೆ ಕೊಳ್ಳಿ, ಒಂದೇ ಕಂಪನಿ, ಒಂದೇ ಮಾದರಿ. ಪುಸ್ತಕ ಹೇಳಿದಷ್ಟು ಕಿ.ಮೀ.ಗೊಮ್ಮೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸಿ. ಗಾಳಿಯನ್ನೂ ಅಲಕ್ಷಿಸಬೇಡಿ, ಗಾಳಿ ಇಳಿದ ಟೈರೂ ಗಿಡ್ಡ ಟೈರೇ.

ಇಲ್ಲೊಂದು ತೊಡಕು: ಸ್ಟೆಪ್ನಿ. (ಈ ಮಾತು ಎಲ್ಲಿಯದು ಗೊತ್ತೇ? ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆತ್ಲಿ ಅಂತ ಊರು, ಅಲ್ಲೊಂದು ಸ್ಟೆಪ್ನಿ ಬೀದಿ. 1904ರಲ್ಲಿ ಆ ಬೀದಿಯ ಡೇವಿಸ್ ಸೋದರರು ಹೆಚ್ಚುವರಿ ಚಕ್ರ ಮಾರತೊಡಗಿದರು. ಬೀದಿಯ ಹೆಸರು ನಮ್ಮ ಬಾಯಲ್ಲಿ ಉಳಿದಿದೆ.) ಮೂರು ಟೈರ್ ಸವೆದಿರುವಾಗ ಒಂದು ಪಂಕ್ಚರ್ ಆಗಿ ಹೊಚ್ಚಹೊಸ ಸ್ಟೆಪ್ನಿ ಹಾಕಿದರೆ ಅದೂ ಜಗಳವೇ. ಮನೆ ಸೇರುವವರೆಗೆ ಸರಿ, ನಿಧಾನ ಹೋಗಿ, ಮರುದಿನವೇ ಪಂಕ್ಚರ್ ಹಾಕಿಸಿ. ಸ್ಟೆಪ್ನಿಯೂ ಉಳಿದ ನಾಲ್ಕರ ಅಳತೆಯದೇ ಆಗಿದ್ದರೆ, ಬದಲಿಸುವಾಗ ಅದನ್ನೂ ಸರದಿಗೆ ಸೇರಿಸಿದರೆ ಐದೂ ಒಟ್ಟಿಗೆ ಸವೆಯುತ್ತವೆ.

ಎಣ್ಣೆಯ ವಿಷಯ. ಇಂಜಿನ್ ಆಯಿಲ್ ಬದಲಿಸಿದರೆ ಸರ್ವಿಸ್ ಆಯಿತು ಅಂತ ನಾವು ತಿಳಿಯುತ್ತೇವೆ. ಈ ಕಾರುಗಳಲ್ಲಿ ಹಿಂದಿನ ಡಿಫರೆನ್ಶಿಯಲ್‌ಗೆ ಬೇರೆ ಎಣ್ಣೆ, ಮುಂದಿನಿಂದ ಹಿಂದಕ್ಕೆ ಬಲ ಕಳಿಸುವ ಪೆಟ್ಟಿಗೆಗೆ ಬೇರೆ, ಕೆಲವು ಕಪ್ಲಿಂಗ್‌ಗೂ ಬೇರೆ. ಬಿಲ್ಲಿನಲ್ಲಿ ಇವುಗಳ ಹೆಸರು ಇದೆಯೇ ನೋಡಿ. ಹಳ್ಳ ದಾಟಿ ನೀರು ಅಚ್ಚಿನ ಮಟ್ಟಕ್ಕೆ ಬಂದಿದ್ದರೆ ಆ ವಾರವೇ ಎಣ್ಣೆ ನೋಡಿಸಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ.

ಗಾಡಿ ಕೆಟ್ಟು ನಿಂತರೆ ಕ್ರೇನಿನವರು ಮುಂದಿನ ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗಲು ಬಿಡಬೇಡಿ. ಮುಂದಿನದು ನಿಂತಿದ್ದು ಹಿಂದಿನದು ಓಡಿದರೆ ಕಪ್ಲಿಂಗ್ ಕಥೆ ಅಲ್ಲೇ ಮುಗಿಯಬಹುದು. ನಾಲ್ಕೂ ಚಕ್ರ ಮೇಲೆ ಕೂರುವ ಲಾರಿಯನ್ನೇ ಕೇಳಿ. ಇನ್ನು, ಎಳೆತ ನಾಲ್ಕು ಚಕ್ರಕ್ಕಿದೆ ಅಂತ ಘಟ್ಟ ಇಳಿಯುವಾಗ ಧೈರ್ಯ ಬೇಡ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇರುವುದು. ಹತ್ತುವಾಗ ಸಿಕ್ಕ ಲಾಭ ಇಳಿಯುವಾಗ ಸಿಗುವುದಿಲ್ಲ.

ಭಾವನ ಕಾರು ರಿಪೇರಿಯಾಗಿ ಬಂತು, ಜೊತೆಗೆ ಹಿಂದಕ್ಕೂ ಎರಡು ಹೊಸ ಟೈರ್. ಈಗ ಅವರ ಬಳಿ ಒಂದು ಹಳೇ ಹಾಜರಿ ಪುಸ್ತಕ ಇದೆ. ಪ್ರತಿ ತಿಂಗಳ ಮೊದಲ ಭಾನುವಾರ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಕೇಲಿನಿಂದ ಹಲ್ಲಿನ ಆಳ ಅಳೆಯುತ್ತಾರೆ, ಹುಡುಗರ ಹೆಸರಿನ ಜಾಗದಲ್ಲಿ ಚಕ್ರಗಳ ಹೆಸರು ಬರೆದು ಎದುರಿಗೆ ಮಿ.ಮೀ. ತುಂಬುತ್ತಾರೆ. ಹೋದ ಭಾನುವಾರ ನಾನೂ ನೋಡಿದೆ. ಮುಂದಿನ ಎಡ 6, ಮುಂದಿನ ಬಲ 6, ಹಿಂದಿನ ಎಡ 6, ಹಿಂದಿನ ಬಲ 6. ಸ್ಟೆಪ್ನಿಯ ಸಾಲಿನಲ್ಲಿ ಮಾತ್ರ "ಗೈರು" ಅಂತ ಬರೆದಿತ್ತು. ಪಂಕ್ಚರ್ ಅಂಗಡಿಯಲ್ಲಿತ್ತಂತೆ.